ಸಾಕ್ಷಿ ನುಡಿದ ಪಾದರಕ್ಷೆ

ಹಾಲಿವುಡ್ಡಿನ ಎಂ.ಜಿ.ಎಂ. ಸಂಸ್ಥೆಯ ೧೯೭೦ರ ಹರಾಜಿನಲ್ಲಿ, 'ದಿ ವಿಜರ್ಡ್ ಆಫ್ ಆಜ್' (೧೯೩೯) ಚಿತ್ರದ ಮಾಣಿಕ್ಯವರ್ಣದ ಪಾದರಕ್ಷೆಗಳು ೧೫,೦೦೦ ಡಾಲರುಗಳಿಗೆ ಮಾರಾಟವಾದುವು. ಜಗತ್ತಿನಲ್ಲಿರುವುದು ಅದೊಂದೇ ಜೊತೆಯೆಂದು ಎಲ್ಲರೂ ನಂಬಿದ್ದರು. ಅಷ್ಟರಲ್ಲಿ ಟೆನೆಸ್ಸಿಯ ಮಹಿಳೆಯೊಬ್ಬರು, ೧೯೪೦ರ ಸ್ಪರ್ಧೆಯೊಂದರಲ್ಲಿ ಬಹುಮಾನವಾಗಿ ಬಂದ ಮತ್ತೊಂದು ಜೊತೆ ತಮ್ಮಲ್ಲಿದೆಯೆಂದರು! ಹಾಗಾದರೆ ಅಸಲು ಯಾವುದು?

ಚಿತ್ರಕ್ಕಾಗಿ ಹಲವು ಜೊತೆಗಳನ್ನೇ ಮಾಡಿಸಿದ್ದರು. ೨೦೦೫ರಲ್ಲಿ ಮಿನೆಸೋಟದ ವಸ್ತುಸಂಗ್ರಹಾಲಯದಿಂದ ಕಳುವಾದ ಜೊತೆ ೨೦೧೮ರಲ್ಲಿ ದೊರೆತಾಗ, ತಜ್ಞರು ಅದನ್ನು ಸ್ಮಿತ್‌ಸೋನಿಯನ್ ಸಂಗ್ರಹಾಲಯದ ಜೊತೆಯೊಡನೆ ಹೋಲಿಸಿದರು. ಒಂದರ ಎಡ ಇನ್ನೊಂದರ ಬಲಕ್ಕೆ ಹೊಂದಿತು, ಎಂದೋ ಅದಲುಬದಲಾಗಿದ್ದುವು. ಆ ತಪ್ಪೇ ಅಸಲುತನಕ್ಕೆ ಸಾಕ್ಷಿಯಾಯಿತು.

ನಿಜವಾದ ಮಾಣಿಕ್ಯಗಳೆಂದು ಭಾವಿಸಿ ಕಳ್ಳನು ಕದ್ದಿದ್ದನು. ಇದ್ದುದು ಬರಿಯ ಗಾಜು! ಆದರೂ ೨೦೨೪ರ ಹರಾಜಿನಲ್ಲಿ ಅವುಗಳಿಗೆ ಶುಲ್ಕ ಸೇರಿ ೩ ಕೋಟಿ ೨೫ ಲಕ್ಷ ಡಾಲರುಗಳು ಬಂದುವು.