ಸಾಂಕ್ರಾಮಿಕದ ಸಮಯದಲ್ಲಿ ಕಣ್ಣಿನ ಪರೀಕ್ಷೆಯನ್ನು ಮುಂದೂಡಬಹುದೇ?

ಕೋವಿಡ್ ಮುಖ್ಯವಾಗಿ ಉಸಿರಾಟಕ್ಕೆ ಸಂಬಂಧಿಸಿದ ಕಾಯಿಲೆ. ಅದಕ್ಕೂ ಕಣ್ಣಿನ ವೈದ್ಯರಿಗೂ ಏನು ಸಂಬಂಧ ಎನ್ನಿಸಬಹುದು. ಆದರೆ ಚೀನಾದ ವುಹಾನ್‌ನಲ್ಲಿ 2019ರ ಡಿಸೆಂಬರ್ 30ರಂದೇ ಸಹೋದ್ಯೋಗಿಗಳನ್ನು ಎಚ್ಚರಿಸಿದ ಡಾ. ಲಿ ವೆನ್‌ಲಿಯಾಂಗ್ ಒಬ್ಬ ನೇತ್ರತಜ್ಞರು. ರೋಗಲಕ್ಷಣವಿಲ್ಲದ ಗ್ಲಾಕೋಮಾ ರೋಗಿಯೊಬ್ಬರಿಂದ ಅವರಿಗೆ ಸೋಂಕು ತಗುಲಿತೆಂದು ನಂಬಲಾಗಿದೆ. 2020ರ ಫೆಬ್ರುವರಿ 7ರಂದು ಅವರು ತೀರಿಕೊಂಡರು.

ಕಣ್ಣಿನ ಕ್ಲಿನಿಕ್‌ನಲ್ಲಿ ಅಪಾಯ ಏಕೆ ಹೆಚ್ಚು?

ಸ್ಲಿಟ್ ಲ್ಯಾಂಪ್ ಉಪಕರಣಕ್ಕೆ ನೀವು ಗದ್ದ ಆನಿಸಿ ಕೂತಾಗ ವೈದ್ಯರ ಮುಖ ನಿಮ್ಮ ಮುಖಕ್ಕೆ ತೀರಾ ಹತ್ತಿರದಲ್ಲಿರುತ್ತದೆ. ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗುತ್ತದೆ. ಹಾಗಾಗಿ 2020ರಲ್ಲಿ ಈ ಉಪಕರಣಗಳಿಗೆ ಪಾರದರ್ಶಕ ಪ್ಲಾಸ್ಟಿಕ್ ತಡೆಗಳು ಬಂದವು. ಪರೀಕ್ಷೆಯ ವೇಳೆ ಮಾತು ಬೇಡ ಎಂಬ ಸೂಚನೆಯೂ ಬಂತು. ಗಾಳಿ ಊದಿ ಕಣ್ಣಿನ ಒತ್ತಡ ಅಳೆಯುವ ಯಂತ್ರದಿಂದ ಕಣ್ಣೀರಿನ ಸೂಕ್ಷ್ಮ ಹನಿಗಳು ಚಿಮ್ಮಬಹುದೆಂದು ಹಲವೆಡೆ ಅದರ ಬಳಕೆ ತಗ್ಗಿಸಿದರು. ಕಣ್ಣಿಗೆ ತಾಗುವ ಸಾಧನಗಳನ್ನು ಪ್ರತಿ ರೋಗಿಯ ನಂತರ ಸೋಂಕುರಹಿತಗೊಳಿಸುವುದು ಹೊಸದೇನಲ್ಲ. 'ಮದ್ರಾಸ್ ಐ' ಹರಡದಿರಲು ಮೊದಲಿನಿಂದಲೂ ಅದು ಅಗತ್ಯವೇ.

ಕಣ್ಣು ಕೆಂಪಾದರೆ ಕೋವಿಡ್ ಎಂದೇ?

ಅಲ್ಲ. ಕೆಲವು ಕೋವಿಡ್ ರೋಗಿಗಳಲ್ಲಿ ಕಣ್ಣು ಕೆಂಪಾದದ್ದು ನಿಜ. ಆದರೆ ಅಲರ್ಜಿ, ಬೇರೆ ವೈರಸ್, ಬ್ಯಾಕ್ಟೀರಿಯಾ, ಒಣಗಣ್ಣು ಹೀಗೆ ಕಾರಣ ಹಲವು. ಕೆಂಪು ಕಣ್ಣೊಂದನ್ನೇ ನೋಡಿ ಕೋವಿಡ್ ಎಂದು ತೀರ್ಮಾನಿಸಲಾಗದು.

ಯಾವುದು ಕಾಯಬಹುದು, ಯಾವುದು ಕಾಯದು?

2020ರ ಲಾಕ್‌ಡೌನ್‌ನಲ್ಲಿ ತುರ್ತಲ್ಲದ ಶಸ್ತ್ರಚಿಕಿತ್ಸೆಗಳು ನಿಂತವು. ಸಾಮಾನ್ಯ ಪೊರೆಯ ಆಪರೇಷನ್ ಕೆಲವು ತಿಂಗಳು ತಡವಾದರೂ ಬಹುತೇಕರಿಗೆ ದೃಷ್ಟಿ ಮರಳುತ್ತದೆ. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ಮರಳುವುದಿಲ್ಲ. ಹನಿ ಔಷಧಿ ತಪ್ಪಿದರೆ ನೋವಿಲ್ಲದೆಯೇ ನಷ್ಟ ಮುಂದುವರಿಯುತ್ತದೆ. ಮಧುಮೇಹದಿಂದ ಅಕ್ಷಿಪಟಲ ಊದಿಕೊಂಡವರಿಗೆ ಇಂಜೆಕ್ಷನ್ ತಪ್ಪಬಾರದು. ಅವಧಿಗೆ ಮುನ್ನ ಹುಟ್ಟಿದ ಶಿಶುವಿನ ಅಕ್ಷಿಪಟಲ ಪರೀಕ್ಷೆಯಂತೂ ಹುಟ್ಟಿದ 30 ದಿನಗಳೊಳಗೆ ಆಗಲೇಬೇಕು. ಅಲ್ಲಿ ಕೆಲವು ವಾರಗಳ ವಿಳಂಬ ಜೀವನಪೂರ್ತಿ ಕುರುಡುತನ ತರಬಹುದು.

2021ರ ಎರಡನೇ ಅಲೆಯಲ್ಲಿ 'ಕಪ್ಪು ಶಿಲೀಂಧ್ರ' ಇದೇ ಪಾಠ ಕಲಿಸಿತು. ನಿಯಂತ್ರಣವಿಲ್ಲದ ಸಕ್ಕರೆ ಕಾಯಿಲೆ ಇದ್ದವರಲ್ಲಿ, ಹೆಚ್ಚು ಸ್ಟೀರಾಯ್ಡ್ ಪಡೆದವರಲ್ಲಿ ಅದು ಮೂಗಿನಿಂದ ಕಣ್ಣಿನ ಗೂಡಿಗೆ ಹಬ್ಬಿತು. ಕೆಲವರ ಜೀವ ಉಳಿಸಲು ಕಣ್ಣನ್ನೇ ತೆಗೆಯಬೇಕಾಯಿತು.

ಫೋನ್ ಅಥವಾ ವಿಡಿಯೋ ಸಲಹೆ ಒಳ್ಳೆಯ ಆರಂಭ. ಆದರೆ ಕಣ್ಣಿನ ಒತ್ತಡವನ್ನು ಫೋನಿನಲ್ಲಿ ಅಳೆಯಲಾಗದು. ದಿಢೀರ್ ದೃಷ್ಟಿ ಮಂಜಾದರೆ, ಮಿಂಚು ಅಥವಾ ಪರದೆ ಎಳೆದಂತೆ ಕಂಡರೆ, ಒಂದು ವಸ್ತು ಎರಡಾಗಿ ಕಂಡರೆ, ತೀವ್ರ ನೋವಿದ್ದರೆ, ಕಣ್ಣಿಗೆ ಪೆಟ್ಟು ಬಿದ್ದರೆ ಮಾಸ್ಕ್ ಧರಿಸಿ ಅಂದೇ ಆಸ್ಪತ್ರೆಗೆ ಹೋಗಿ.