ಲಿವರ್ ಡಾಕ್ಟರು ಮೈಸೂರಿನಲ್ಲಿ, ರೋಗಿ ತೊಣ್ಣೂರಿನಲ್ಲಿ: ನಡುವೆ ನೋಡಿಕೊಳ್ಳುವವರು ಯಾರು?

ತೊಣ್ಣೂರು: ಕೆರೆಯಲ್ಲಿ ನೀರು ತುಂಬಿದರೆ ಊರಿಗೆ ಸಂತೋಷ. ಹೊಟ್ಟೆಯಲ್ಲಿ ನೀರು ತುಂಬಿದರೆ ಮನೆಗೆ ಸಂಕಟ. ಇಲ್ಲಿನ ಲಿವರ್ ಕಾಯಿಲೆಯವರು ತಜ್ಞ ವೈದ್ಯರನ್ನು ಕಾಣಬೇಕಾದರೆ ಮೊದಲು ಪಾಂಡವಪುರದ ಬಸ್ಸು, ಅಲ್ಲಿಂದ ಮೈಸೂರಿನ ಬಸ್ಸು, ಅಲ್ಲೂ ಆಗದಿದ್ದರೆ ಬೆಂಗಳೂರು. ರೋಗಿಯ ಕೂಲಿ ಹೋಯಿತು, ಜತೆಗೆ ಬಂದವರ ಕೂಲಿಯೂ ಹೋಯಿತು. ತಜ್ಞರು ಚೀಟಿ ಬರೆದು 'ತಿಂಗಳು ಬಿಟ್ಟು ಬನ್ನಿ' ಎಂದ ಮೇಲೆ ಮಿಕ್ಕ 29 ದಿನ ನೋಡಿಕೊಳ್ಳುವವರು ಯಾರು? ಪ್ರಶ್ನೆ ಇರುವುದೇ ಅಲ್ಲಿ.

ಹನ್ನೊಂದೂವರೆ ವರ್ಷದ ಓದು

ಮಟನ್ ಅಂಗಡಿಯಲ್ಲಿ 'ಈಲಿ' ಎಂದು ಕೇಳಿ ಕಟ್ಟಿಸಿಕೊಳ್ಳುತ್ತಾರಲ್ಲ, ಮನುಷ್ಯನ ಮೈಯೊಳಗಿನ ಅದೇ ಅಂಗಕ್ಕೆ ಪುಸ್ತಕದ ಹೆಸರು ಪಿತ್ತಜನಕಾಂಗ. ಅದರ ತಜ್ಞರಾಗುವುದು ಹುಡುಗಾಟವಲ್ಲ. ಹೌಸ್‌ಸರ್ಜನ್ ಅವಧಿ ಸೇರಿ ಎಂ.ಬಿ.ಬಿ.ಎಸ್. ಐದೂವರೆ ವರ್ಷ, ಎಂ.ಡಿ. 3 ವರ್ಷ, ಮೇಲೆ ಡಿ.ಎಂ. ಇನ್ನೂ 3 ವರ್ಷ. ಲಿವರ್ ಒಂದನ್ನೇ ಓದುವ ಡಿ.ಎಂ. ಹೆಪಟಾಲಜಿಗೆ ದೆಹಲಿಯ ಐ.ಎಲ್.ಬಿ.ಎಸ್., ಚಂಡೀಗಢದ ಪಿ.ಜಿ.ಐ. ಹೆಸರಾಗಿವೆ. ನಮ್ಮ ಕಡೆ ಹೆಚ್ಚಿನವರು ಗ್ಯಾಸ್ಟ್ರೋಎಂಟರಾಲಜಿ ಓದಿ, ಹೊಟ್ಟೆ ಕರುಳಿನ ಜತೆಗೆ ಲಿವರನ್ನೂ ನೋಡುವವರು.

ಇಷ್ಟು ಓದಿದವರು ತಾಲ್ಲೂಕಿಗೆ ಬರಲಿ ಎಂದರೆ ಬರುವುದೆಲ್ಲಿಗೆ? ತಾಲ್ಲೂಕು ಆಸ್ಪತ್ರೆಗೆ ಫಿಜಿಷಿಯನ್, ಸರ್ಜನ್, ಹೆರಿಗೆ ಡಾಕ್ಟರು, ಮಕ್ಕಳ ಡಾಕ್ಟರ ಹುದ್ದೆ ಉಂಟು. ಲಿವರ್ ತಜ್ಞರ ಹುದ್ದೆಯೇ ಇಲ್ಲ.

ಜೀವ ಉಳಿಸುವ ಸಣ್ಣ ಕೆಲಸ

ಆದರೆ ಲಿವರ್ ಗಟ್ಟಿಯಾಗಿ ಹೋದ, ಅಂದರೆ ಸಿರೋಸಿಸ್ ಆದ ರೋಗಿಯನ್ನು ಉಳಿಸುವುದು ಬಹಳ ಸಲ ಸಣ್ಣ ಸಣ್ಣ ಕೆಲಸ. ದಿನಾ ತೂಕ ನೋಡಬೇಕು, ಉಪ್ಪು ಹಿಡಿಯಬೇಕು. ಹಗಲೆಲ್ಲಾ ನಿದ್ದೆ, ರಾತ್ರಿಯೆಲ್ಲಾ ಎಚ್ಚರ, ಮಾತು ತೊದಲುವುದು, ಕೈ ಚಾಚಿಸಿದರೆ ಹಕ್ಕಿ ರೆಕ್ಕೆ ಬಡಿದ ಹಾಗೆ ಅದುರುವುದು ಕಂಡರೆ ಮನೆಯವರು 'ಮತ್ತೆ ಕುಡಿದವ್ನೆ' ಅಂತಲೋ, 'ಗಾಳಿ ಸೋಕದೆ' ಅಂತಲೋ ಸುಮ್ಮನಾಗುತ್ತಾರೆ. ಅದು ಕುಡಿತವೂ ಅಲ್ಲ, ಗಾಳಿಯೂ ಅಲ್ಲ. ಲಿವರ್ ಸೋಸದೆ ಬಿಟ್ಟ ಅಮೋನಿಯಾದಂಥ ವಿಷ ಮಿದುಳಿಗೆ ಏರಿರುವ ಗುರುತು. ಮಲಬದ್ಧತೆಯಿಂದಲೇ ಹೀಗೆ ಆಗಬಹುದು. ಲ್ಯಾಕ್ಟುಲೋಸ್ ಸಿರಪ್ಪು ಕೊಟ್ಟು ದಿನಕ್ಕೆ ಎರಡು ಮೂರು ಸಲ ಹೊಟ್ಟೆ ಸಡಿಲವಾಗುವಂತೆ ನೋಡಿಕೊಂಡರೆ ಎಷ್ಟೋ ಜನ ಚೇತರಿಸಿಕೊಳ್ಳುತ್ತಾರೆ. ಇದನ್ನು ಮೊದಲು ಗುರುತಿಸಬೇಕಾದವರು ವಾರ್ಡಿನ ನರ್ಸಮ್ಮ.

ಹೊಟ್ಟೆಯ ನೀರು ತೆಗೆಯುವುದರಲ್ಲೂ ಲೆಕ್ಕ ಇದೆ. ಒಂದೇ ಸಲಕ್ಕೆ 5 ಲೀಟರಿಗಿಂತ ಹೆಚ್ಚು ತೆಗೆದರೆ, ತೆಗೆದ ಲೀಟರಿಗೆ 6ರಿಂದ 8 ಗ್ರಾಂ ಆಲ್ಬುಮಿನ್ ರಕ್ತನಾಳಕ್ಕೆ ಏರಿಸಬೇಕು. ಇಲ್ಲದಿದ್ದರೆ ಬಿ.ಪಿ. ಬಿದ್ದು ಕಿಡ್ನಿ ಕೈಕೊಡಬಹುದು. ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆಯೂ ಇವರ ಕಿಡ್ನಿಗೆ ಕುತ್ತು. 'ಬರೀ ಗಂಜಿ ಕುಡಿಸ್ರಪ್ಪ' ಎನ್ನುವ ಉಪದೇಶವೂ ತಪ್ಪು. ಮೈ ಕರಗುವ ಈ ಕಾಯಿಲೆಗೆ ಕೆ.ಜಿ. ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನು ಬೇಕು. ಮಲಗುವ ಮುಂಚೆಯೂ ಏನಾದರೂ ತಿನ್ನಬೇಕು. ಕಪ್ಪು ಮಲವೋ ರಕ್ತ ವಾಂತಿಯೋ ಆದರೆ ತಡಮಾಡದೆ ದೊಡ್ಡಾಸ್ಪತ್ರೆಗೆ ಸಾಗಿಸಬೇಕು.

ಇದಕ್ಕೆ ಹನ್ನೊಂದೂವರೆ ವರ್ಷದ ಓದು ಬೇಡ. ಓದು ಮುಗಿಸಿ ಕೆಲಸದಲ್ಲಿರುವ ಡಾಕ್ಟರು, ನರ್ಸುಗಳಿಗೆ ಸರಿಯಾದ ಮೇಲ್ತರಬೇತಿ ಸಾಕು.

ಕುಡಿಯದವರಿಗೂ ತಪ್ಪಿದ್ದಲ್ಲ

ಲಿವರ್ ಕಾಯಿಲೆ ಎಂದರೆ ಕುಡುಕರದ್ದು ಎಂದು ಮೂಗು ಮುರಿಯುವವರುಂಟು. ಬೆಳಗ್ಗೆಯಿಂದ ರಾತ್ರಿವರೆಗೆ ಗಲ್ಲಾಪೆಟ್ಟಿಗೆ ಮುಂದೆ ಕೂತು ಬೊಜ್ಜು, ಸಕ್ಕರೆ ಕಾಯಿಲೆ ಬರಿಸಿಕೊಂಡ ವರ್ತಕರ ಲಿವರಿನಲ್ಲೂ ಕೊಬ್ಬು ಕಟ್ಟುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ಇದನ್ನು ಸಕ್ಕರೆ ಕಾಯಿಲೆ, ಬಿ.ಪಿ.ಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. 2024ರ ಸೆಪ್ಟೆಂಬರ್‌ನಲ್ಲಿ ಇದಕ್ಕೆಂದೇ ತರಬೇತಿ ಪಠ್ಯವನ್ನೂ ಹೊರತಂದಿತು.

ಇನ್ನು ಕಾಮಾಲೆ. ಹಸಿ ಔಷಧಿ ಕುಡಿಸಿ, ಪಥ್ಯ ಹಿಡಿಸಿದರೆ ವಾಸಿಯಾಗುತ್ತದೆಂಬ ನಂಬಿಕೆ ಇದೆ. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ 'ಎ' ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ, ಹೆಸರು ಸೊಪ್ಪಿಗೆ ಬರುತ್ತದೆ. ರಕ್ತದಿಂದ, ಸೂಜಿಯಿಂದ ಹರಡುವ 'ಬಿ', 'ಸಿ' ಹಾಗಲ್ಲ. ಸದ್ದಿಲ್ಲದೆ ವರ್ಷಗಟ್ಟಲೆ ಕೂತು ಲಿವರ್ ತಿನ್ನುತ್ತವೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಎರಡಕ್ಕೂ ಔಷಧಿ ಬಿಟ್ಟಿ. ಆದರೆ ಯಾವ ಕಾಮಾಲೆ ಎಂದು ಅನುಮಾನಪಟ್ಟು ರಕ್ತಪರೀಕ್ಷೆಗೆ ಬರೆಯುವ ಡಾಕ್ಟರು ಬೇಕಲ್ಲ!

ಆಗದ ಮಾತೇನಲ್ಲ

ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಭಾರತೀಯ ಮೂಲದ ಲಿವರ್ ತಜ್ಞ ಡಾ. ಸಂಜೀವ್ ಅರೋರಾ ಅವರ ಕ್ಲಿನಿಕ್ಕಿನಲ್ಲಿ ಹೆಪಟೈಟಿಸ್ 'ಸಿ' ರೋಗಿಗಳು ಎಂಟು ತಿಂಗಳು ಕಾಯಬೇಕಿತ್ತು. 2003ರಲ್ಲಿ ಅವರು ದಾರಿ ಬದಲಿಸಿದರು. ದೂರದ ಊರುಗಳ ಡಾಕ್ಟರು, ನರ್ಸುಗಳನ್ನು ವಿಡಿಯೊದಲ್ಲಿ ಕೂರಿಸಿಕೊಂಡು, ಅವರವರ ರೋಗಿಗಳ ಕೇಸನ್ನೇ ಪಾಠ ಮಾಡಿದರು. 'ಎಕೋ' ಎಂದು ಅದರ ಹೆಸರು. 407 ರೋಗಿಗಳನ್ನು ಹೋಲಿಸಿದ ಲೆಕ್ಕ 2011ರಲ್ಲಿ ಹೊರಬಿತ್ತು. ಆಗಿನ ಔಷಧಿಯಲ್ಲಿ ವಿಶ್ವವಿದ್ಯಾಲಯದ ಕ್ಲಿನಿಕ್ಕಿನಲ್ಲಿ ವಾಸಿಯಾದವರು ನೂರಕ್ಕೆ 57.5, ತರಬೇತಿ ಪಡೆದವರ ಕೈಯಲ್ಲಿ 58.2. ಬೆಂಗಳೂರಿನ ನಿಮ್ಹಾನ್ಸ್ ಇದೇ ಮಾದರಿಯಲ್ಲಿ ಕುಡಿತದ ಚಟ ಬಿಡಿಸುವ ಚಿಕಿತ್ಸೆಯನ್ನು ದೂರದ ಡಾಕ್ಟರುಗಳಿಗೆ ಕಲಿಸಿದೆ.

ಮಂಡ್ಯ ಜಿಲ್ಲೆಗೆ ಬಡತನವಿಲ್ಲ. ಮಂಡ್ಯದಲ್ಲಿ ಮಿಮ್ಸ್ ಇದೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ 1986ರಲ್ಲಿ ಶುರುವಾದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿದೆ. ಪಕ್ಕದ ಮೈಸೂರಿನಲ್ಲಿ 1924ರ ಕಾಲೇಜಿದೆ. ಇವುಗಳ ವಾರ್ಡುಗಳಲ್ಲಿ ತಾಲ್ಲೂಕಿನ ಒಬ್ಬ ಡಾಕ್ಟರು, ಇಬ್ಬರು ನರ್ಸುಗಳನ್ನು ಕೆಲವು ವಾರ ಕೂರಿಸಿ ಕಲಿಸಿ, ಬಳಿಕ ವಾರಕ್ಕೊಂದು ಗಂಟೆ ವಿಡಿಯೊ ಪಾಠ ಮುಂದುವರಿಸಿದರೆ ಖಜಾನೆ ಬರಿದಾಗುವುದಿಲ್ಲ.

ಆದರೆ ಕಲಿಯಲು ಹೋದವರ ಜಾಗಕ್ಕೆ ಬದಲಿ ಡಾಕ್ಟರು ಬರಬೇಕು. ಕಲಿತು ಬಂದ ನರ್ಸನ್ನು ಮರುತಿಂಗಳೇ ಬೇರೆ ವಾರ್ಡಿಗೆ ಹಾಕಬಾರದು. ಕಲಿತದ್ದು ಬಡ್ತಿಯ ಲೆಕ್ಕಕ್ಕೂ ಬರಬೇಕು. ಇಲ್ಲದಿದ್ದರೆ ತರಬೇತಿ ಎಂಬುದು ಗೋಡೆಗೆ ನೇತುಹಾಕುವ ಸರ್ಟಿಫಿಕೇಟು, ಅಷ್ಟೇ.

ತೊಣ್ಣೂರಿಗೆ ಲಿವರ್ ತಜ್ಞರೇ ಬರಲಿ ಎಂದು ಯಾರೂ ಹಟ ಹಿಡಿಯಬೇಕಾಗಿಲ್ಲ. ತಜ್ಞರಿಗೆ ಗೊತ್ತಿರುವುದರಲ್ಲಿ ನಾಲ್ಕಾಣೆಯಷ್ಟಾದರೂ ಪಾಂಡವಪುರದವರೆಗೆ ಬಸ್ಸು ಹತ್ತಿ ಬರಲಿ. ಆರೋಗ್ಯ ಇಲಾಖೆಯವರು ಇತ್ತ ಕಣ್ಣು ಹಾಯಿಸುವರೇ?