ಸಾಮವೋ, ದಂಡವೋ?

ಸಾಮ, ದಾನ, ಭೇದ, ದಂಡಗಳೆಂಬ ಚತುರುಪಾಯಗಳನ್ನು ನಾವು ಮೂವತ್ತೈದು ವರ್ಷಗಳ ಕಾಲ ಹುಡುಗರಿಗೆ ಬಾಯಿಪಾಠ ಮಾಡಿಸಿದೆವು. ಪರೀಕ್ಷೆಯಲ್ಲಿ ನಾಲ್ಕನ್ನೂ ಕ್ರಮ ತಪ್ಪದೆ ಬರೆದವನಿಗೆ ಪೂರ್ಣಾಂಕವನ್ನೂ ಕೊಟ್ಟೆವು. ಯಾವುದನ್ನು ಎಲ್ಲಿ ಪ್ರಯೋಗಿಸತಕ್ಕದ್ದೆಂದು ಒಬ್ಬ ಹುಡುಗನಾದರೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆವೋ ತಿಳಿಯದು. ಈಚೆಗೆ ಕಾಲೇಜಿನಲ್ಲಿ ಓದುತ್ತಿರುವ ನಮ್ಮ ತಮ್ಮನ ಮಗಳು ಒಂದು ಚೀಟಿಯನ್ನು ಹಿಡಿದು ಬಂದು, “ದೊಡ್ಡಪ್ಪ, ಭಯೋತ್ಪಾದಕರನ್ನು ಓಲೈಸುವುದು ಮೇಲೋ, ಬಲಪ್ರಯೋಗ ಮೇಲೋ ಎಂದು ಚರ್ಚಾಸ್ಪರ್ಧೆ ಇಟ್ಟಿದ್ದಾರೆ. ನನಗೆ ಬಲಪ್ರಯೋಗದ ಪಕ್ಷ ಬಂದಿದೆ. ನಾಲ್ಕು ನಿಮಿಷಕ್ಕಾಗುವಷ್ಟು ಬರೆದುಕೊಡಿ” ಎಂದಳು. ಇದೇನು ಮಹಾ ಎಂದು ಲೇಖನಿ ಹಿಡಿದೆವು. ನಾಲ್ಕು ನಿಮಿಷದ ಮಾತು ನಾಲ್ಕು ದಿವಸವಾದರೂ ಮುಗಿಯಲಿಲ್ಲ. ಏಕೆಂದರೆ, ಈ ವಿಷಯದಲ್ಲಿ ನಾವೇ ಒಮ್ಮೆ, ಎಂಟು ತಿಂಗಳು ತುಂಬುವುದರೊಳಗೆ, ಎರಡು ಪಕ್ಷಗಳನ್ನೂ ಹಿಡಿದು ವಾದಿಸಿದವರು. ಅದನ್ನು ವಾಚಕರ ಮುಂದೆ ಒಪ್ಪಿಕೊಂಡಲ್ಲದೆ ಮುಂದಿನ ಮಾತು ಹೊರಡುವಂತಿಲ್ಲ.

1999ನೆಯ ಇಸವಿ ಡಿಸೆಂಬರ್ 24ರಂದು ಕಾಠ್ಮಂಡುವಿನಿಂದ ದೆಹಲಿಗೆ ಹೊರಟಿದ್ದ ಇಂಡಿಯನ್ ಏರ್‌ಲೈನ್ಸ್ ವಿಮಾನವು ಅಪಹೃತವಾಗಿ, ಅಮೃತಸರ, ಲಾಹೋರು, ದುಬೈಗಳನ್ನು ಹಾದು ಕಂದಹಾರದಲ್ಲಿ ಇಳಿಯಿತು. ಆ ತಿಂಗಳ 31ರಂದು ಭಾರತ ಸರ್ಕಾರವು ಸೆರೆಯಲ್ಲಿದ್ದ ಮೂವರನ್ನು ಬಿಟ್ಟುಕೊಟ್ಟು, ನೂರೈವತ್ತಕ್ಕೂ ಮಿಕ್ಕ ಜನರನ್ನು ಬಿಡಿಸಿಕೊಂಡು ಬಂದಿತು. ಆ ಮೂವರಲ್ಲೊಬ್ಬನಾದ ಮಸೂದ್ ಅಜರನು ಮರುವರ್ಷವೇ ಜೈಷ್-ಎ-ಮೊಹಮ್ಮದ್ ಎಂಬ ಸಂಘವನ್ನು ಕಟ್ಟಿದನು. ರಜೆ ಮುಗಿದು ಶಾಲೆ ತೆರೆದ ದಿವಸ ಉಪಾಧ್ಯಾಯರ ಕೊಠಡಿಯಲ್ಲಿ ನಾವು ಮೇಜು ಗುದ್ದಿ, ದಂಡವನ್ನು ಕೈಬಿಟ್ಟ ದೊರೆಯು ದೊರೆಯೇ ಅಲ್ಲವೆಂದು ಸಾಧಿಸಿದೆವು. ಲೆಕ್ಕದ ಮೇಷ್ಟ್ರೊಬ್ಬರು, “ಸ್ವಾಮಿ, ತಮ್ಮ ಕುಮಾರ ಆ ವಿಮಾನದಲ್ಲಿದ್ದಿದ್ದರೆ?” ಎಂದು ಮೆಲ್ಲಗೆ ಕೇಳಿದರು. ನಾವು ಅದಕ್ಕೆ ಒಂದು ಶ್ಲೋಕವನ್ನು ಹೇಳಿದೆವು. ಸಂಸ್ಕೃತ ಓದಿದವರಿಗೆ ಇದೊಂದು ಅನುಕೂಲ; ಉತ್ತರ ತಿಳಿಯದಿದ್ದಾಗ ಶ್ಲೋಕ ಒದಗಿಬರುವುದು.

ಏಳು ತಿಂಗಳು ಕಳೆಯಿತು. 2000ನೆಯ ಇಸವಿ ಜುಲೈ 30ರ ರಾತ್ರಿ, ಕರ್ನಾಟಕದ ಗಡಿಗೆ ಹೊಂದಿಕೊಂಡ ತಮಿಳುನಾಡಿನ ತಾಳವಾಡಿ ಸೀಮೆಯ ಗಾಜನೂರಿನಲ್ಲಿ, ತಮ್ಮ ಮನೆಯಲ್ಲಿದ್ದ ಡಾಕ್ಟರ್ ರಾಜ್‌ಕುಮಾರರನ್ನು ವೀರಪ್ಪನ್ ಎಂಬವನು ಬಂದೂಕು ಹಿಡಿದ ಸಂಗಡಿಗರೊಡನೆ ಬಂದು ಕಾಡಿಗೆ ಕರೆದೊಯ್ದನು. ರಾಜ್‌ಕುಮಾರರಿಗೆ ಆಗ 71 ವರ್ಷ. ಅಪಹರಣಕಾರನು ಅವರ ಪತ್ನಿಯ ಕೈಗೆ ಒಂದು ಧ್ವನಿಸುರುಳಿಯನ್ನು ಕೊಟ್ಟು, ಸರ್ಕಾರಕ್ಕೆ ಮುಟ್ಟಿಸೆಂದನು.

ಆತನು ಆನೆದಂತ, ಶ್ರೀಗಂಧಗಳ ಕಳ್ಳನಲ್ಲವೆ, ಭಯೋತ್ಪಾದಕನೆಂದು ಹೇಗೆ ಹೇಳುವಿರೆಂದು ಕೆಲವರು ಕೇಳಿಯಾರು. ಆತನ ಮೇಲೆ ನೂರಕ್ಕೂ ಹೆಚ್ಚು ಕೊಲೆಗಳ ಆರೋಪವಿದ್ದಿತು. ಆದರೆ ಕೊಲೆಗಡುಕನಿಗೂ ಭಯೋತ್ಪಾದಕನಿಗೂ ಭೇದವುಂಟು. ಒಬ್ಬನ ಕೊರಳಿಗೆ ಕತ್ತಿಯಿಟ್ಟು, ಅದನ್ನು ಕಾಣುತ್ತಿರುವ ಸಮಸ್ತ ಪ್ರಜೆಗಳನ್ನೂ ನಡುಗಿಸಿ, ಆ ನಡುಕದ ಬಲದಿಂದ ಸರ್ಕಾರದ ಕೈಯನ್ನು ತಿರುಚುವುದೇ ಎರಡನೆಯವನ ಕಸುಬು. ಆ ವರ್ಷ ಕಾಡಿನಿಂದ ಬಂದ ಬೇಡಿಕೆಗಳಲ್ಲಿ ಕಾವೇರಿಯ ನೀರಿತ್ತು, ಆಡಳಿತಭಾಷೆಯ ಮಾತಿತ್ತು, ಬೆಂಗಳೂರಿನಲ್ಲಿ ತಿರುವಳ್ಳುವರರ ಪ್ರತಿಮೆಯ ವಿಚಾರವಿತ್ತು. ಮೈಸೂರಿನ ಸೆರೆಮನೆಯಲ್ಲಿ ಟಾಡಾ ಕಾನೂನಿನಡಿ ಇದ್ದವರನ್ನು ಬಿಡಬೇಕೆಂಬುದೂ ಇತ್ತು. ಬೇಡಿಕೆಗಳಲ್ಲಿ ನ್ಯಾಯವಾದುವೂ ಇಲ್ಲದಿರಲಿಲ್ಲ. ನ್ಯಾಯವಾದುದನ್ನು ಒತ್ತೆಯಾಳಿನ ಕೊರಳಿಗೆ ಕಟ್ಟಿ ಕೇಳಿದುದೇ ಅನ್ಯಾಯ.

ಬೆಂಗಳೂರಿನಲ್ಲಿ ಶಾಲೆಗಳು ಮುಚ್ಚಿದವು. ಚಿತ್ರಮಂದಿರಗಳು ಬಾಗಿಲು ಹಾಕಿದವು. ನಮ್ಮ ಮನೆಯಲ್ಲಿ ತಾಯಿಯವರು ದೇವರ ಗೂಡಿನಲ್ಲಿ ಒಂದು ಹಣತೆಯನ್ನು ಹೆಚ್ಚಾಗಿ ಹಚ್ಚಿಟ್ಟರು. ಅವರು ಸಿನಿಮಾ ನೋಡಿದುದು ಬಲು ಕಡಮೆ. ಆದರೆ ‘ಬೇಡರ ಕಣ್ಣಪ್ಪ’ನನ್ನು ನೋಡಿದವರಿಗೆ ರಾಜ್‌ಕುಮಾರರು ಬರಿಯ ನಟರಾಗಿ ಉಳಿಯುವುದುಂಟೆ? ಪ್ರತಿದಿನ ರೇಡಿಯೋ ವಾರ್ತೆ ಮುಗಿದೊಡನೆ, “ಅವನು ಕೇಳಿದ್ದನ್ನು ಕೊಟ್ಟು ಕರಕೊಂಡು ಬರಬಾರದೇನೋ? ಆ ವಯಸ್ಸಿನಲ್ಲಿ ಕಾಡಿನಲ್ಲಿ ಏನು ತಿಂತಾರೋ” ಎನ್ನುವರು. ಕೊಡಬೇಕೆಂದೇ ನಾವೂ ಹೇಳಿದೆವು. ಶಾಲೆಯಲ್ಲಿಯೂ ಹಾಗೆಯೇ ವಾದಿಸಿದೆವು. ಒಂದು ಜೀವದ ಮುಂದೆ ಕಾನೂನು ದೊಡ್ಡದೆ, ಸೆರೆಯಲ್ಲಿರುವ ಐವತ್ತು ಜನರನ್ನು ಬಿಟ್ಟರೆ ಆಕಾಶ ಬೀಳುವುದೆ, ಎಂದು ಕೇಳಿದೆವು. ಲೆಕ್ಕದ ಮೇಷ್ಟ್ರು ಏನನ್ನೂ ಅನ್ನಲಿಲ್ಲ. ಅವರು ಅಂದು ನಮ್ಮನ್ನು ನೋಡಿದ ನೋಟವನ್ನು ಮಾತ್ರ ನಾವು ಇಂದಿಗೂ ಮರೆತಿಲ್ಲ.

ಸರ್ಕಾರವೂ ನಮ್ಮಂತೆಯೇ ಯೋಚಿಸಿತು. 51 ಮಂದಿ ಆರೋಪಿಗಳ ಮೇಲಿನ ಟಾಡಾ ಆಪಾದನೆಗಳನ್ನು ಹಿಂದಕ್ಕೆ ತೆಗೆದುಕೊಳ್ಳಲು ಅರ್ಜಿ ಹಾಕಿತು. ಮೈಸೂರಿನ ವಿಶೇಷ ನ್ಯಾಯಾಲಯವು ಸಮ್ಮತಿಸಿತು. ಬಾಗಿಲು ಇನ್ನೇನು ತೆರೆಯಬೇಕು, ಆಗ ಒಬ್ಬ ವೃದ್ಧರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ ತಡೆದರು. ಅವರು ಮಂತ್ರಿಗಳಲ್ಲ, ಪಕ್ಷದ ಮುಖಂಡರಲ್ಲ. 1992ರ ಆಗಸ್ಟ್ 14ರಂದು ಮೋಸದ ವರ್ತಮಾನವನ್ನು ನಂಬಿ ಕಾಡಿಗೆ ಹೋದ ಮೈಸೂರಿನ ಪೊಲೀಸ್ ವರಿಷ್ಠಾಧಿಕಾರಿ ಹರಿಕೃಷ್ಣ ಅವರೊಡನೆ ವೀರಪ್ಪನ್ನನ ಗುಂಡಿಗೆ ಬಲಿಯಾದ ಸಬ್‌ಇನ್ಸ್‌ಪೆಕ್ಟರ್ ಷಕೀಲ್ ಅಹಮದ್ ಅವರ ತಂದೆ.

ಪತ್ರಿಕೆಯಲ್ಲಿ ಈ ಸುದ್ದಿಯನ್ನು ಓದಿದಾಗ ನಮಗೆ ಮೊದಲು ಬಂದುದು ಕೋಪ. ನಾಡೆಲ್ಲ ಅಳುತ್ತಿರುವಾಗ ಈ ಮನುಷ್ಯರು ಅಡ್ಡ ನಿಲ್ಲುವುದೇಕೆ? ಸಂಜೆ ತಾಯಿಯವರಿಗೆ ಓದಿ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರ ಮಗನನ್ನು ಬಿಡಿಸಿಕೊಂಡು ಬರಲು ಯಾರೂ ಹೋಗಲಿಲ್ಲವಲ್ಲ” ಎಂದರು. ಅಷ್ಟೆ. ಅಂದಿನಿಂದ ನಾವು ಶಾಲೆಯಲ್ಲಿ ಆ ವಾದವನ್ನು ನಿಲ್ಲಿಸಿದೆವು. ನಾವು ಉದಾರವಾಗಿ ದಾನಮಾಡಲು ಹೊರಟಿದ್ದುದು ನಮ್ಮ ಕೈಯೊಳಗಿನದಲ್ಲ, ಆ ವೃದ್ಧರ ಕೈಯೊಳಗಿನದು. ಕಂದಹಾರದ ವಿಷಯದಲ್ಲಿ ದಂಡವನ್ನು ಹೊಗಳಿದಾಗಲೂ ನಾವು ಒಡ್ಡಿದ್ದು ಪರರ ಮಕ್ಕಳನ್ನೇ ಅಲ್ಲವೆ!

ನವೆಂಬರ್ 7ರಂದು ಸರ್ವೋಚ್ಚ ನ್ಯಾಯಾಲಯವು ಆಪಾದನೆಗಳನ್ನು ಹಿಂದೆಗೆಯಲು ಕೊಟ್ಟಿದ್ದ ಸಮ್ಮತಿಯನ್ನು ರದ್ದುಮಾಡಿತು. ಸರ್ಕಾರಿ ಅಭಿಯೋಜಕನು ಸರ್ಕಾರ ಹೇಳಿತೆಂದು ಅರ್ಜಿ ಹಾಕಲಾಗದು, ಸಾರ್ವಜನಿಕರ ಹಿತವನ್ನು ತಾನೇ ವಿವೇಚಿಸಿ ನಿರ್ಧರಿಸಬೇಕು, ಎಂಬುದು ಆ ತೀರ್ಪಿನ ಮುಖ್ಯ ತಾತ್ಪರ್ಯ. ಇನ್ನು ರಾಜ್‌ಕುಮಾರರ ಗತಿಯೇನೆಂದು ಮನೆಮನೆಯಲ್ಲಿಯೂ ಹೆದರಿದರು. ಎಂಟನೆಯ ದಿವಸ, ನವೆಂಬರ್ 15ರಂದು, 108 ದಿವಸಗಳ ಸೆರೆ ಮುಗಿದು ಅವರು ಹೊರಗೆ ಬಂದರು. ನಮ್ಮ ತಾಯಿಯವರು ಬೀದಿಗೆಲ್ಲ ಸಕ್ಕರೆ ಹಂಚಿದರು.

ಹಾಗಾದರೆ ಬಿಡುಗಡೆಯಾದುದು ಹೇಗೆ? ಸಂಧಾನಕ್ಕೆ ಹೋದವರ ಮಾತಿನಿಂದ ಎಂದವರುಂಟು. ದೊಡ್ಡ ಮೊತ್ತದ ಹಣ ಸಂದಿತೆಂದು, ಆಗ ರಾಜ್ಯದ ಪೊಲೀಸಿಗೆ ಮುಖ್ಯಸ್ಥರಾಗಿದ್ದವರೇ ಮುಂದೆ ಪುಸ್ತಕ ಬರೆದರು. ಸರ್ಕಾರವು ಅದನ್ನು ಅಲ್ಲಗಳೆಯಿತು. ನಾವು ಇದರಲ್ಲಿ ತೀರ್ಪು ಹೇಳಲು ಹೊರಟವರಲ್ಲ. ಆದರೆ ಮುಂದಿನ ಸಂಗತಿಯಲ್ಲಿ ಸಂದೇಹವಿಲ್ಲ. 2002ರ ಆಗಸ್ಟ್ 25ರಂದು ಅದೇ ವೀರಪ್ಪನ್ ಕೊಳ್ಳೇಗಾಲದ ಕಡೆಯ ಕಾಮಗೆರೆಯಿಂದ ಮಾಜಿ ಮಂತ್ರಿ ಎಚ್. ನಾಗಪ್ಪನವರನ್ನು ಎತ್ತಿಕೊಂಡು ಹೋದನು. ಡಿಸೆಂಬರ್ 8ರಂದು ಅವರ ಶವ ಕಾಡಿನಲ್ಲಿ ದೊರೆಯಿತು. ಒಮ್ಮೆ ಫಲ ಕೊಟ್ಟ ಮರದ ಬುಡಕ್ಕೆ ಕಳ್ಳನು ಮತ್ತೆ ಬಾರದಿರುವನೆ? ಓಲೈಕೆಯ ಪಕ್ಷದವರು ಉತ್ತರ ಹೇಳಬೇಕಾದ ಸ್ಥಳವಿದು.

ಇಲ್ಲಿಗೆ ನಿಲ್ಲಿಸಿದ್ದರೆ ನಮ್ಮ ಹುಡುಗಿಗೆ ಬಹುಮಾನ ಬಂದೀತು. ಆದರೆ ದಂಡದ ಕಥೆಯೂ ಇದೇ ಕಾಡಿನಲ್ಲಿ ನಡೆದಿರುವುದು. ಅದನ್ನು ಮರೆಮಾಡುವುದು ಉಪಾಧ್ಯಾಯನಿಗೆ ಸಲ್ಲದು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬಿಗೆ 22 ಮಂದಿ ಬಲಿಯಾದ ಮೇಲೆ ಎರಡು ರಾಜ್ಯಗಳ ವಿಶೇಷ ಪಡೆಗಳು ಕಾಡಂಚಿನ ಹಳ್ಳಿಗಳನ್ನು ಜಾಲಾಡಿದವು. ವೀರಪ್ಪನ್ ಸಿಕ್ಕಲಿಲ್ಲ; ಸಿಕ್ಕಿದವರು ಸೌದೆ ಆಯುವವರು, ದನ ಕಾಯುವವರು. ಆತನಿಗೆ ಅಕ್ಕಿ ಕೊಟ್ಟೆಯೆಂದು ಪೊಲೀಸರು ಹೊಡೆಯುವರು, ಪೊಲೀಸರಿಗೆ ಸುಳಿವು ಕೊಟ್ಟೆಯೆಂದು ಆತನು ಕೊಲ್ಲುವನು. ಮಲೆಮಹದೇಶ್ವರ ಬೆಟ್ಟದಲ್ಲಿದ್ದ ವಿಚಾರಣೆಯ ಜಾಗಕ್ಕೆ ‘ವರ್ಕ್‌ಶಾಪ್’ ಎಂಬ ಹೆಸರೇ ಬಿದ್ದಿದ್ದಿತು. ಅಲ್ಲಿ ವಿದ್ಯುತ್ತಿನ ಆಘಾತ ಕೊಟ್ಟರೆಂದು ಗಂಡಸರೂ ಹೆಂಗಸರೂ ಸಾಕ್ಷ್ಯ ನುಡಿದರು. ರಾಷ್ಟ್ರೀಯ ಮಾನವಹಕ್ಕುಗಳ ಆಯೋಗವು 1999ರಲ್ಲಿ ನ್ಯಾಯಮೂರ್ತಿ ಸದಾಶಿವ ಅವರ ನೇತೃತ್ವದಲ್ಲಿ ವಿಚಾರಣಾಮಂಡಲಿಯನ್ನು ನೇಮಿಸಿತು. 2007ರಲ್ಲಿ 89 ಮಂದಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು.

ಸೆರೆಮನೆಯಲ್ಲಿದ್ದವರ ಗತಿ ಇನ್ನೂ ವಿಚಾರಿಸತಕ್ಕದ್ದು. ಪಾಲಾರ್ ಮೊದಲಾದ ಮೊಕದ್ದಮೆಗಳಲ್ಲಿ ಆರೋಪಿತರಾಗಿ ವರ್ಷಗಟ್ಟಲೆ ಸೆರೆಯಲ್ಲಿ ಕೊಳೆತವರಲ್ಲಿ ನೂರಕ್ಕೂ ಮಿಕ್ಕ ಮಂದಿ 2001ರಲ್ಲಿ ನಿರ್ದೋಷಿಗಳೆಂದು ತೀರ್ಮಾನವಾಯಿತು. ಶಿಕ್ಷಿತರಾದವರಲ್ಲಿ ನಾಲ್ವರಿಗೆ 2004ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮರಣದಂಡನೆಯನ್ನು ವಿಧಿಸಿ, 2014ರಲ್ಲಿ ಜೀವಾವಧಿಗೆ ಇಳಿಸಿತು. ವಾಚಕರು ಇದನ್ನು ಸಾವಧಾನವಾಗಿ ಯೋಚಿಸಬೇಕು. ಯಾರನ್ನು ಒತ್ತೆಯಾಳಿನ ಬೆಲೆಯಾಗಿ ಬಿಡಕೂಡದೆಂದು ನ್ಯಾಯಾಲಯ ಹೇಳಿತೋ, ಅವರಂತಹವರಲ್ಲಿ ಬಹುಮಂದಿ ಸಕಾಲದಲ್ಲಿ ವಿಚಾರಣೆ ನಡೆದಿದ್ದರೆ ಎಂದೋ ತಮ್ಮ ಹಕ್ಕಿನಿಂದಲೇ ಮನೆಗೆ ಹೋಗಬೇಕಾದವರು. ಸರ್ಕಾರವು ಮಾಡಬೇಕಾದ ನ್ಯಾಯವನ್ನು ಮಾಡದೆ ಇಟ್ಟುಕೊಂಡಿದ್ದುದರಿಂದಲೇ ಕಾಡಿನವನು ಅದನ್ನು ತನ್ನ ಬೇಡಿಕೆಯಾಗಿ ಮಾಡಿಕೊಂಡನು. ಷಕೀಲ್ ಅಹಮದರ ತಂದೆಗೂ ಅದರಿಂದ ನ್ಯಾಯ ದೊರೆತಂತಾಗಲಿಲ್ಲ, ಸೆರೆಯಲ್ಲಿದ್ದವರಿಗೂ ದೊರೆಯಲಿಲ್ಲ.

ದಂಡವೇ ಸರ್ವಸ್ವವೆಂದು ಹೇಳಿದ ಆಚಾರ್ಯರ ಮತವನ್ನು ಕೌಟಿಲ್ಯನು ಒಪ್ಪುವುದಿಲ್ಲ. ಅರ್ಥಶಾಸ್ತ್ರದ ಪ್ರಾರಂಭದಲ್ಲಿಯೇ ಅವನು ದಂಡದಲ್ಲಿ ಮೂರು ಬಗೆಗಳನ್ನು ಕಾಣುತ್ತಾನೆ: ತೀಕ್ಷ್ಣವಾದುದು ಪ್ರಜೆಗಳನ್ನು ಬೆದರಿಸಿ ದೂರಮಾಡುವುದು, ಮೃದುವಾದುದು ದೊರೆಯನ್ನು ಹಗುರಮಾಡುವುದು, ಯಥಾರ್ಹವಾದುದೇ ಮನ್ನಣೆ ಪಡೆಯುವುದು. ಯಾರಿಗೆ ಎಷ್ಟು ತಕ್ಕುದೋ ಅವರಿಗೆ ಅಷ್ಟು ಎಂದರ್ಥ. ಇದನ್ನು ನಾವು ಓದಿದ್ದೆವು, ಪಾಠವನ್ನೂ ಹೇಳಿದ್ದೆವು. ಮೇಜು ಗುದ್ದಿದ ದಿವಸ ಮಾತ್ರ ನೆನಪಿಗೆ ಬರಲಿಲ್ಲ.

ಸಾಮದ ಮಾತನ್ನು ಹೇಳದೆ ಬಿಟ್ಟರೆ ಕಥೆ ಕುಂಟುವುದು. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಎಂಬವರು ವೀರಪ್ಪನ್ನನ ಊರಾದ ಗೋಪಿನಾಥದಲ್ಲಿಯೇ ನೆಲೆಸಿ, ಹಳ್ಳಿಯವರಿಗೆ ಔಷಧಿಯ ಏರ್ಪಾಡು ಮಾಡಿ, ಮಾರಿಯಮ್ಮನ ಗುಡಿಯನ್ನು ಕಟ್ಟಿಸಿ, ಹಲವರನ್ನು ಕಳ್ಳದಾರಿಯಿಂದ ಬಿಡಿಸಿದರು. ಹಳ್ಳಿಗರ ವಿಷಯದಲ್ಲಿ ಅವರ ಸಾಮವು ಫಲಿಸಿತು. ಅದನ್ನೇ ವೀರಪ್ಪನ್ನನ ವಿಷಯದಲ್ಲಿಯೂ ನಂಬಿ, ಶರಣಾಗುವೆವೆಂಬ ಮಾತಿಗೆ ಓಗೊಟ್ಟು, 1991ರ ನವೆಂಬರ್ 10ರಂದು ಕಾಡಿಗೆ ನಡೆದರು. ಆತನು ಅವರ ತಲೆಯನ್ನು ಕಡಿದನು. ದೇಶವು ಅವರಿಗೆ ಮರಣಾನಂತರ ಕೀರ್ತಿಚಕ್ರವನ್ನು ಕೊಟ್ಟಿತು. ಸಾಮವು ವ್ಯರ್ಥವೆಂದು ಇದರಿಂದ ಕೆಲವರು ಸಾಧಿಸುವರು. ನಮಗೆ ಹಾಗೆ ತೋರದು. ಭಯೋತ್ಪಾದಕನು ಬದುಕುವುದು ತನ್ನ ಬಂದೂಕಿನಿಂದ ಮಾತ್ರವಲ್ಲ, ಸುತ್ತಲಿನವರ ಮೌನದಿಂದ. ಆ ಮೌನವನ್ನು ಮುರಿಯಲು ಸಾಮವೊಂದೇ ಉಪಾಯ. ಶ್ರೀನಿವಾಸರು ಹತ್ತು ಮನೆಗಳಲ್ಲಿ ಗೆದ್ದುದನ್ನು ಪಡೆಗಳು ನೂರು ಮನೆಗಳಲ್ಲಿ ಕಳೆದವು.

ಕೊನೆಗೆ ಆತನನ್ನು ಕಾಡಿನಿಂದ ಹೊರಗೆ ತಂದುದು ಭೇದ. ತಮಿಳುನಾಡಿನ ವಿಜಯಕುಮಾರ್ ಅವರ ಪಡೆಯವರು ಆತನ ಗುಂಪಿನೊಳಗೆ ತಮ್ಮವರನ್ನು ಸೇರಿಸಿ, ಕಣ್ಣಿನ ಚಿಕಿತ್ಸೆಗೆಂದು ಆಂಬುಲೆನ್ಸ್ ಹತ್ತಿಸಿ, 2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿಯ ಬಳಿಯ ಪಾಪರಪಟ್ಟಿಯಲ್ಲಿ ಮೂವರು ಸಂಗಡಿಗರೊಡನೆ ಕೊಂದರು. ಅಷ್ಟು ವರ್ಷಗಳ ಜಾಲಾಟದಲ್ಲಿ ಆಗದುದು ಹಲವು ತಿಂಗಳ ತಾಳ್ಮೆಯಿಂದ ಆಯಿತು. ಹಳ್ಳಿಯ ಒಬ್ಬ ಹೆಂಗಸಿಗೂ ಅಂದು ಏಟು ಬೀಳಲಿಲ್ಲ.

ಆದುದರಿಂದ ನಮ್ಮ ಅಭಿಪ್ರಾಯವನ್ನು ಬಿಚ್ಚಿ ಹೇಳುವುದಾದರೆ, ಒತ್ತೆಯಾಳಿನ ಜೀವಕ್ಕಾಗಿ ಮಾತನಾಡುವುದು, ಕಾಲವನ್ನು ಕೊಳ್ಳುವುದು ತಪ್ಪಲ್ಲ. ಸೆರೆಮನೆಯ ಬೀಗದ ಕೈಯನ್ನು ಮಾತ್ರ ಕೊಡಲಾಗದು. ದಂಡವು ಬೇಕು, ಅದು ಅಪರಾಧಿಯನ್ನು ಹುಡುಕಿಕೊಂಡು ಹೋಗಬೇಕೇ ಹೊರತು, ಸಿಕ್ಕಿದವರ ಬೆನ್ನಮೇಲೆ ಬೀಳಬಾರದು. ಇಷ್ಟು ಹೇಳಿದ ಮೇಲೆಯೂ, ಲೆಕ್ಕದ ಮೇಷ್ಟ್ರ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲ. ನಮ್ಮ ಮಗನೇ ಆ ವಿಮಾನದಲ್ಲಿದ್ದಿದ್ದರೆ ನಾವು ಬೀಗದ ಕೈಯನ್ನು ಕೊಡಿರೆಂದೇ ದೆಹಲಿಯ ಬೀದಿಯಲ್ಲಿ ಕೂಗುತ್ತಿದ್ದೆವು. ಹೀಗೆ ಕೂಗುವವರಿಗೆ ಕಿವಿಗೊಡುವುದೂ, ಕಿವಿಗೊಟ್ಟು ಕೊಡದೆ ಇರುವುದೂ ಎರಡೂ ಆಳುವವರ ಪಾಲಿಗೆ ಬಂದ ಕಷ್ಟ.

ಇದನ್ನೆಲ್ಲ ಹನ್ನೊಂದು ಹಾಳೆಗಳಲ್ಲಿ ಬರೆದು ಹುಡುಗಿಗೆ ಕೊಟ್ಟೆವು. ಅವಳು ಬಾಗಿಲ ಮೆಟ್ಟಿಲಲ್ಲಿಯೇ ಕುಳಿತು ಓದಿ ಮುಗಿಸಿ, “ದೊಡ್ಡಪ್ಪ, ಇದು ನಾಲ್ಕು ನಿಮಿಷಕ್ಕೆ ಆಗುವುದಿಲ್ಲ. ಮೇಲಾಗಿ ನೀವು ನನ್ನ ಪಕ್ಷವನ್ನೂ ಪೂರ್ತಿ ಹಿಡಿದಿಲ್ಲ” ಎಂದಳು. ಮತ್ತೆ ಏಳನೆಯ ಹಾಳೆಯೊಂದನ್ನು ಹಿರಿದುಕೊಂಡು, ಆ ತಂದೆಯ ಸಂಗತಿಯನ್ನಷ್ಟೇ ಹೇಳಿ ಕುಳಿತುಬಿಡುವೆನೆಂದು ಹೇಳಿ ಹೊರಟುಹೋದಳು.